ಗ್ರಿನ್ಯಾರ್ ಕಾರಕವೂ ಅದರ ದ್ರಾವಕವೂ



ಕನ್ನಡದ ಉಪಾಧ್ಯಾಯನಾದವನು ವಾರ್ಷಿಕ ಸಂಚಿಕೆಗೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಬರೆಯುವುದು ವಾಡಿಕೆ. ಈ ವರ್ಷ ನಾನು ರಸಾಯನ ಶಾಸ್ತ್ರದ ಒಂದು ಪಾಠವನ್ನು ಬರೆಯಹೊರಟಿದ್ದೇನೆ. ಇದಕ್ಕೆ ಕಾರಣವಾದ ಒಂದು ಸಣ್ಣ ಘಟನೆಯನ್ನು ಮೊದಲು ಹೇಳಿಬಿಡುತ್ತೇನೆ.

ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿಯೇ ಓದಿದವನು. ಕೆಲಸವನ್ನು ಅರಸಿ ಈ ಊರಿಗೆ ಬಂದ ಹೊಸತರಲ್ಲಿ ಒಂದು ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಗಳನ್ನು ತೊಳೆದಿಡುವ, ಬೇಕಾದ ಸಾಮಾನುಗಳನ್ನು ಎತ್ತಿಕೊಡುವ ಸಹಾಯಕನಾಗಿದ್ದೆನು. ಒಂದು ದಿನ ಅಧ್ಯಾಪಕರು “ಅನ್‌ಹೈಡ್ರಸ್ ಈಥರ್” ಬೇಕೆಂದರು. ಕಪಾಟಿನಲ್ಲಿ ಎರಡು ಸೀಸೆಗಳಿದ್ದುವು. ಎರಡರ ಮೇಲೆಯೂ ಈಥರ್ ಎಂಬ ಹೆಸರು ಇದ್ದಿತು. ಅದಕ್ಕೆ ಮುಂಚಿನ ಮಾತಿನ ಅರ್ಥ ನನಗೆ ತಿಳಿಯದು, ಕೇಳಲು ನಾಚಿಕೆ. ಕೈಗೆ ಮೊದಲು ಸಿಕ್ಕಿದ ಸೀಸೆಯನ್ನೇ ತಂದುಕೊಟ್ಟೆನು. ಅಧ್ಯಾಪಕರು ಬೇರೆ ಕೆಲಸದಲ್ಲಿದ್ದುದರಿಂದ ಚೀಟಿಯನ್ನು ಗಮನಿಸಲಿಲ್ಲ. ಪಾತ್ರೆಯ ತಳದಲ್ಲಿ ಮೆಗ್ನೀಸಿಯಂ ಚೂರುಗಳು ಒಂದು ಗಂಟೆಯ ಹೊತ್ತು ಹಾಗೆಯೇ ಬಿದ್ದಿದ್ದುವು. ಒಂದು ಗುಳ್ಳೆಯೂ ಏಳಲಿಲ್ಲ, ಪಾತ್ರೆ ಬೆಚ್ಚಗೂ ಆಗಲಿಲ್ಲ. ಅಂದಿನ ಪ್ರಯೋಗ ಕೆಟ್ಟಿತು.

ಕೊನೆಗೆ ಸೀಸೆಯನ್ನು ನೋಡಿದ ಅಧ್ಯಾಪಕರು ಸಿಟ್ಟಾಗಲಿಲ್ಲ. “ಅನ್‌ಹೈಡ್ರಸ್ ಎಂದರೆ ನೀರು ಇಲ್ಲದುದು” ಎಂದು ತಮಿಳಿನಲ್ಲಿ ತಿಳಿಸಿದರು. ಆ ಕ್ಷಣದಲ್ಲಿ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಆಕೆ ಏಕಾದಶಿಯ ದಿನ ನಿರ್ಜಲ ಉಪವಾಸ ಮಾಡುತ್ತಿದ್ದಳು. ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ನಿರ್ಜಲ! ಐದು ವರ್ಷದ ಮಗುವಾಗಿದ್ದಾಗಲೇ ನಾನು ಬಲ್ಲ ಮಾತು. ವಿಷಯ ನನಗೆ ತಿಳಿದೇ ಇದ್ದಿತು. ಅದು ಬೇರೊಂದು ಹೆಸರಿನಿಂದ ಎದುರಾದಾಗ ಗುರುತು ಹತ್ತಲಿಲ್ಲ, ಅಷ್ಟೆ. ಮುಂದೆ ಆ ಕ್ರಿಯೆಯ ವಿಚಾರವನ್ನು ಸಿಕ್ಕಿದ ಪುಸ್ತಕಗಳಲ್ಲೆಲ್ಲ ಓದಿ ತಿಳಿದುಕೊಂಡೆನು. ಅದನ್ನು ನಿಮಗೆ ಕನ್ನಡದಲ್ಲಿ ಹೇಳುವುದು ನನ್ನ ಮೇಲಿರುವ ಒಂದು ಹಳೆಯ ಸಾಲ.

1. ಕಾರ್ಬೊನಿಲ್ ಗುಂಪು

ಉಗುರಿನ ಬಣ್ಣವನ್ನು ತೆಗೆಯಲು ಬಳಸುವ ಅಸಿಟೋನ್ ನಿಮಗೆ ಗೊತ್ತು. ಜೀವಶಾಸ್ತ್ರದ ಕೊಠಡಿಯಲ್ಲಿ ಕಪ್ಪೆ ಮೀನುಗಳನ್ನು ಕೆಡದಂತೆ ಇಟ್ಟಿರುವ ಫಾರ್ಮಾಲಿನ್ ಸಹ ಗೊತ್ತು. ಅದು ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ. ಈ ಎರಡರ ಅಣುಗಳಲ್ಲಿಯೂ ಒಂದು ಸಮಾನ ಅಂಶ ಉಂಟು. ಇಂಗಾಲದ ಒಂದು ಪರಮಾಣು ಆಮ್ಲಜನಕದ ಒಂದು ಪರಮಾಣುವಿನೊಡನೆ ಎರಡು ಬಂಧಗಳಿಂದ ಕೂಡಿಕೊಂಡಿರುವುದು. ಈ ಜೋಡಿಗೆ ಕಾರ್ಬೊನಿಲ್ ಗುಂಪು ಎಂದು ಹೆಸರು. ಈ ಇಂಗಾಲಕ್ಕೆ ಎರಡು ಕಡೆಯೂ ಬೇರೆ ಇಂಗಾಲಗಳು ಅಂಟಿಕೊಂಡಿದ್ದರೆ ಆ ಸಂಯುಕ್ತ ಕೀಟೋನ್. ಕಡೆಯ ಪಕ್ಷ ಒಂದು ಕಡೆಯಲ್ಲಿಯಾದರೂ ಜಲಜನಕವಿದ್ದರೆ ಅದು ಆಲ್ಡಿಹೈಡ್.

ಆಮ್ಲಜನಕವು ಇಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚಾಗಿ ಸೆಳೆದುಕೊಳ್ಳುವ ಸ್ವಭಾವದ್ದು. ಆದುದರಿಂದ ಕಾರ್ಬೊನಿಲ್ ಗುಂಪಿನ ಆಮ್ಲಜನಕದ ಮೇಲೆ ಸ್ವಲ್ಪ ಋಣ ಆವೇಶವೂ, ಇಂಗಾಲದ ಮೇಲೆ ಸ್ವಲ್ಪ ಧನ ಆವೇಶವೂ ಇರುವುವು. ಇಲೆಕ್ಟ್ರಾನುಗಳ ಕೊರತೆಯುಳ್ಳ ಈ ಇಂಗಾಲವು, ಇಲೆಕ್ಟ್ರಾನುಗಳನ್ನು ಕೊಡಬಲ್ಲ ನೆಂಟನು ಬಂದರೆ ಕೈನೀಡಿ ಬರಮಾಡಿಕೊಳ್ಳುವುದು. ಆ ನೆಂಟನು ಮತ್ತೊಂದು ಇಂಗಾಲವೇ ಆಗಿದ್ದರೆ, ಇಂಗಾಲಕ್ಕೆ ಇಂಗಾಲ ಸೇರಿ ಅಣುವಿನ ಸರಪಣಿ ಬೆಳೆಯುವುದು. ಸಣ್ಣ ಅಣುಗಳಿಂದ ದೊಡ್ಡ ಅಣುಗಳನ್ನು ಕಟ್ಟಬೇಕಾದರೆ ಇದೇ ಮುಖ್ಯವಾದ ಉಪಾಯ.

ಆದರೆ ಇಲ್ಲೊಂದು ತೊಡಕು. ಸಾಧಾರಣವಾಗಿ ಇಂಗಾಲವು ಇಲೆಕ್ಟ್ರಾನುಗಳನ್ನು ಹಾಗೆ ಸುಲಭವಾಗಿ ಕೊಡುವ ದಾನಿಯಲ್ಲ. ಅದನ್ನು ದಾನಿಯನ್ನಾಗಿ ಮಾಡುವ ಲೋಹವೇ ಮೆಗ್ನೀಸಿಯಂ.

2. ಮೆಗ್ನೀಸಿಯಂ ಮಾಡುವ ಕೆಲಸ

ಮೆಗ್ನೀಸಿಯಂ ನಮಗೆ ದೂರದ ವಸ್ತುವಲ್ಲ. ಸೇಲಂ ನಗರದ ಹತ್ತಿರ ಬಿಳಿಯ ಗುಡ್ಡಗಳಿವೆ. ಅವುಗಳ ಬಿಳುಪಿಗೆ ಕಾರಣ ಮ್ಯಾಗ್ನಸೈಟ್ ಎಂಬ ಶಿಲೆ. ಅದು ಮೆಗ್ನೀಸಿಯಮ್ಮಿನ ಕಾರ್ಬೊನೇಟು. ಮೈಸೂರು ಜಿಲ್ಲೆಯಲ್ಲಿಯೂ ಈ ಶಿಲೆ ದೊರೆಯುವುದು. ಅಷ್ಟು ದೂರ ಹೋಗುವುದೂ ಬೇಡ. ಸಾಯಂಕಾಲ ನೀವು ಆಟವಾಡಲು ಹೋಗುವ ಮರೀನಾ ತೀರದ ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಲವಣರೂಪದಲ್ಲಿ ಕರಗಿದೆ.

ಕ್ಲೋರೀನ್, ಬ್ರೋಮೀನ್, ಅಯೋಡೀನ್ ಇವುಗಳಿಗೆ ಹ್ಯಾಲೋಜನ್‌ಗಳೆಂದು ಹೆಸರು. ಇಂಗಾಲಕ್ಕೆ ಹ್ಯಾಲೋಜನ್ ಅಂಟಿಕೊಂಡಿರುವ ಒಂದು ಸಂಯುಕ್ತವನ್ನು ಮೆಗ್ನೀಸಿಯಂ ಚೂರುಗಳೊಡನೆ ತಕ್ಕ ದ್ರಾವಕದಲ್ಲಿ ಸೇರಿಸಿದರೆ, ಲೋಹವು ಇಂಗಾಲಕ್ಕೂ ಹ್ಯಾಲೋಜನಿಗೂ ನಡುವೆ ಹೋಗಿ ನಿಂತುಕೊಳ್ಳುವುದು:

ಮೀಥೈಲ್ ಅಯೋಡೈಡ್ + ಮೆಗ್ನೀಸಿಯಂ → ಮೀಥೈಲ್ ಮೆಗ್ನೀಸಿಯಂ ಅಯೋಡೈಡ್

ಲೋಹಗಳು ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಗುಣವುಳ್ಳವು. ಆದುದರಿಂದ ಮೆಗ್ನೀಸಿಯಮ್ಮಿನ ಪಕ್ಕದ ಇಂಗಾಲದ ಮೇಲೆ ಋಣ ಆವೇಶ ಹೆಚ್ಚುವುದು. ಕೊರತೆಯಿದ್ದ ಇಂಗಾಲಕ್ಕೆ ಬೇಕಾಗಿದ್ದ ದಾನಿ ಈಗ ಸಿದ್ಧನಾದನು. ಹೀಗೆ ಉಂಟಾದ ವಸ್ತುವಿಗೆ ಗ್ರಿನ್ಯಾರ್ ಕಾರಕ ಎಂದು ಹೆಸರು.

3. ಲಿಯಾನ್ ನಗರದ ಗುರುಶಿಷ್ಯರು

ವಿಕ್ಟರ್ ಗ್ರಿನ್ಯಾರ್ 1871ರಲ್ಲಿ ಫ್ರಾನ್ಸಿನ ಷೆರ್ಬೂರ್ ಎಂಬ ರೇವು ಪಟ್ಟಣದಲ್ಲಿ ಹುಟ್ಟಿದನು. ಅವನು ಮೊದಲು ಓದಿದುದು ಗಣಿತವನ್ನು. ಆ ಪದವಿ ಪರೀಕ್ಷೆಯಲ್ಲಿ ಒಮ್ಮೆ ತೇರ್ಗಡೆಯಾಗದೆ ಸೈನ್ಯದ ಸೇವೆಗೆ ಹೋಗಿ, ಹಿಂದಿರುಗಿ 1894ರಲ್ಲಿ ಅದನ್ನು ಮುಗಿಸಿದನು. ರಸಾಯನ ಶಾಸ್ತ್ರಕ್ಕೆ ಬಂದುದು ಅನಂತರ, ಅದೂ ಅಷ್ಟೇನೂ ಮನಸ್ಸಿಲ್ಲದೆ. ಪರೀಕ್ಷೆಯಲ್ಲಿ ಒಮ್ಮೆ ಸೋತವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಲಿಯಾನಿನಲ್ಲಿ ಅವನ ಗುರು ಫಿಲಿಪ್ ಬಾರ್ಬಿಯೇ. 1899ರಲ್ಲಿ ಬಾರ್ಬಿಯೇ ಒಂದು ಪ್ರಯೋಗವನ್ನು ಪ್ರಕಟಿಸಿದನು. ಮೀಥೈಲ್ ಹೆಪ್ಟೀನೋನ್ ಎಂಬ ಕೀಟೋನ್, ಮೀಥೈಲ್ ಅಯೋಡೈಡ್, ಮೆಗ್ನೀಸಿಯಂ, ಈ ಮೂರನ್ನೂ ಒಟ್ಟಿಗೆ ಒಂದೇ ಪಾತ್ರೆಯಲ್ಲಿ ಸೇರಿಸಿ ಹೊಸದೊಂದು ಆಲ್ಕೊಹಾಲನ್ನು ಪಡೆದಿದ್ದನು. ಈ ಕೀಟೋನಿನ ಹೆಸರನ್ನು ನೆನಪಿಡಿರಿ. ಮುಂದೆ ಮತ್ತೆ ಬರುವುದು. ನಮ್ಮ ಹಿತ್ತಿಲಿನ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿಯೂ ಅದು ಸ್ವಲ್ಪ ಇರುವುದು. ಆದರೆ ಬಾರ್ಬಿಯೇಯ ವಿಧಾನದ ಫಲ ನಂಬುವಂತಿರಲಿಲ್ಲ. ಕೆಲವು ಸಲ ಬಂದಿತು, ಕೆಲವು ಸಲ ಬರಲಿಲ್ಲ. ಅದನ್ನು ಸರಿಪಡಿಸುವ ಕೆಲಸವನ್ನು ಗುರುವು ಶಿಷ್ಯನಿಗೆ ವಹಿಸಿದನು.

ಶಿಷ್ಯನಿಗೆ ಹೊಳೆದುದು ಒಂದು ಹಳೆಯ ಸಂಗತಿ. ಇಂಗ್ಲೆಂಡಿನ ಫ್ರಾಂಕ್‌ಲೆಂಡ್ ಮತ್ತು ವಾಂಕ್ಲಿನ್ ಎಂಬವರು ಸತುವಿನ ಇಂಥ ಸಂಯುಕ್ತಗಳನ್ನು ನಿರ್ಜಲವಾದ ಈಥರಿನಲ್ಲಿ ತಯಾರಿಸಿದ್ದರು. ಗ್ರಿನ್ಯಾರನು ಮೆಗ್ನೀಸಿಯಮ್ಮಿಗೂ ಅದನ್ನೇ ಮಾಡಿದನು. ಕೀಟೋನನ್ನು ಬದಿಗಿಟ್ಟು, ಮೊದಲು ಮೆಗ್ನೀಸಿಯಂ ಮತ್ತು ಹ್ಯಾಲೈಡುಗಳನ್ನು ಮಾತ್ರ ಒಣ ಈಥರಿನಲ್ಲಿ ಕೂಡಿಸಿದನು. ಲೋಹವು ಕರಗಿ ತಿಳಿಯಾದ ದ್ರಾವಣವಾಯಿತು. ಆಮೇಲೆ ಕಾರ್ಬೊನಿಲ್ ಸಂಯುಕ್ತವನ್ನು ತೊಟ್ಟು ತೊಟ್ಟಾಗಿ ಬಿಟ್ಟನು. ಕ್ರಿಯೆ ತಪ್ಪದೆ ನಡೆಯಿತು. 1900ರಲ್ಲಿ ಇದನ್ನು ಪ್ರಕಟಿಸಿದನು. 1912ರಲ್ಲಿ ಪಾಲ್ ಸಬಾಟ್ಯೇ ಎಂಬವನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಬೇಕಾದ ವಸ್ತುಗಳೆಲ್ಲವೂ ಗುರುವಿನ ಕೈಯಲ್ಲಿಯೇ ಇದ್ದುವು. ಶಿಷ್ಯನು ಕಂಡುಕೊಂಡುದು ಕಾರಕವನ್ನು ಮೊದಲೇ ಹುಟ್ಟಿಸಿ ಕೆಡದಂತೆ ಕಾಪಾಡಿಕೊಳ್ಳುವ ದಾರಿಯನ್ನು.

4. ಯಾವುದರಿಂದ ಯಾವುದು?

ಗ್ರಿನ್ಯಾರ್ ಕಾರಕದ ಇಂಗಾಲವು ಕಾರ್ಬೊನಿಲ್ ಇಂಗಾಲಕ್ಕೆ ಸೇರಿಕೊಂಡಾಗ, ಮೆಗ್ನೀಸಿಯಂ ಹೋಗಿ ಆಮ್ಲಜನಕವನ್ನು ಹಿಡಿಯುವುದು. ಕ್ರಿಯೆ ಮುಗಿದ ಮೇಲೆ ಸಾರವಿಲ್ಲದ ಆಮ್ಲವನ್ನು ಎಚ್ಚರಿಕೆಯಿಂದ ಸೇರಿಸಿದರೆ ಮೆಗ್ನೀಸಿಯಂ ಬಿಟ್ಟುಹೋಗಿ, ಆಮ್ಲಜನಕಕ್ಕೆ ಜಲಜನಕ ಅಂಟಿ, ಆಲ್ಕೊಹಾಲು ಉಂಟಾಗುವುದು. ಯಾವ ಕಾರ್ಬೊನಿಲ್ ಸಂಯುಕ್ತದಿಂದ ಏನು ಬರುವುದೆಂಬುದನ್ನು ಹೀಗೆ ಜ್ಞಾಪಕದಲ್ಲಿಡಬಹುದು:

ಫಾರ್ಮಾಲ್ಡಿಹೈಡ್ → ಪ್ರಥಮ ದರ್ಜೆಯ ಆಲ್ಕೊಹಾಲು
ಬೇರೆ ಆಲ್ಡಿಹೈಡುಗಳು → ದ್ವಿತೀಯ ದರ್ಜೆಯ ಆಲ್ಕೊಹಾಲು
ಕೀಟೋನುಗಳು → ತೃತೀಯ ದರ್ಜೆಯ ಆಲ್ಕೊಹಾಲು
ಎಸ್ಟರುಗಳು (ಕಾರಕದ ಎರಡು ಪಾಲು ಸೇರಿ) → ಸಾಮಾನ್ಯವಾಗಿ ತೃತೀಯ ದರ್ಜೆಯ ಆಲ್ಕೊಹಾಲು
ಇಂಗಾಲದ ಡೈ ಆಕ್ಸೈಡ್ → ಕಾರ್ಬಾಕ್ಸಿಲಿಕ್ ಆಮ್ಲ

ಇಲ್ಲಿ ದರ್ಜೆ ಎಂದರೆ, ಆಮ್ಲಜನಕವನ್ನು ಹೊತ್ತ ಇಂಗಾಲಕ್ಕೆ ಬೇರೆ ಎಷ್ಟು ಇಂಗಾಲಗಳು ಅಂಟಿಕೊಂಡಿವೆ ಎಂಬ ಎಣಿಕೆ. ಇದು ಪುಸ್ತಕದಲ್ಲಿ ಮಾತ್ರ ಉಳಿದ ವಿದ್ಯೆಯಲ್ಲ. ಸ್ತನದ ಅರ್ಬುದ ರೋಗಕ್ಕೆ ಕೊಡುವ ಟಮಾಕ್ಸಿಫೆನ್ ಎಂಬ ಔಷಧವನ್ನು ತಯಾರಿಸುವ ಹೆಸರಾದ ಮಾರ್ಗವೊಂದರಲ್ಲಿ, ಒಂದು ಕೀಟೋನಿನ ಮೇಲೆ ಫೀನೈಲ್ ಮೆಗ್ನೀಸಿಯಂ ಬ್ರೋಮೈಡನ್ನು ಕೂಡಿಸುವುದೇ ಮುಖ್ಯವಾದ ಹೆಜ್ಜೆ.

5. ನೀರು ಏಕೆ ಶತ್ರು?

ಕಾರ್ಬೊನಿಲ್ ಇಂಗಾಲಕ್ಕಾಗಿ ಸಿದ್ಧವಾಗಿ ನಿಂತಿರುವ ಆ ದಾನಿಗೆ ನೀರು ಸಿಕ್ಕಿದರೆ ಏನಾಗುವುದು? ನೀರಿನ ಜಲಜನಕವನ್ನು ತಟಕ್ಕನೆ ಸೆಳೆದುಕೊಂಡು ಅದು ತನ್ನ ಕೆಲಸವನ್ನು ಮುಗಿಸಿಬಿಡುವುದು. ಮೀಥೈಲ್ ಮೆಗ್ನೀಸಿಯಂ ಅಯೋಡೈಡು ಮೀಥೇನ್ ಅನಿಲವಾಗಿ ಹಾರಿಹೋಗುವುದು. ಆಮೇಲೆ ಎಷ್ಟು ಕೀಟೋನನ್ನು ಸುರಿದರೂ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡೋಣ. ನೀರಿನ ಅಣುತೂಕ 18. ಮೆಗ್ನೀಸಿಯಮ್ಮಿನ ಪರಮಾಣುತೂಕ ಸುಮಾರು 24.3. ಒಂದು ಅಣು ನೀರು ಒಂದು ಅಣು ಕಾರಕವನ್ನು ಕೆಡಿಸುವುದೆಂದು ಹಿಡಿದರೆ, 1 ಗ್ರಾಂ ನೀರು 1.35 ಗ್ರಾಂ ಮೆಗ್ನೀಸಿಯಮ್ಮಿನಿಂದಾದ ಕಾರಕವನ್ನು ನಾಶಮಾಡುವುದು. ಸಾಧಾರಣ ಈಥರ್ ನೂರು ಗ್ರಾಮಿಗೆ ಒಂದು ಗ್ರಾಮಿಗಿಂತಲೂ ಸ್ವಲ್ಪ ಹೆಚ್ಚು ನೀರನ್ನು ಕಣ್ಣಿಗೆ ಕಾಣದಂತೆ ತನ್ನೊಳಗೆ ಕರಗಿಸಿಕೊಂಡಿರಬಲ್ಲದು. ಅಂದಮೇಲೆ, 2.4 ಗ್ರಾಂ ಮೆಗ್ನೀಸಿಯಮ್ಮಿಗೆ ಅಂಥ ಈಥರನ್ನು ನೂರು ಗ್ರಾಂ ಸುರಿದರೆ ಅರ್ಧಕ್ಕಿಂತ ಹೆಚ್ಚು ಲೋಹವು ವ್ಯರ್ಥ. ಅಷ್ಟು ತೇವವಿದ್ದರೆ ಕ್ರಿಯೆ ಪ್ರಾರಂಭವಾಗುವುದೇ ಕಷ್ಟ. ನಾನು ತಂದುಕೊಟ್ಟ ಸೀಸೆಯ ಕಥೆ ಈಗ ನಿಮಗೆ ಅರ್ಥವಾಗಿರಬೇಕು.

ಕಡಲ ಗಾಳಿಯ ನಮ್ಮ ಊರಿನಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬಟ್ಟೆಯಿಂದ ಒರೆಸಿದ ಗಾಜಿನ ಮೇಲೆಯೂ ತೇವದ ತೆಳುವಾದ ಪದರ ಉಳಿದಿರುವುದು. ಆದುದರಿಂದ ಪಾತ್ರೆಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಒಣಗಿಸುವರು. ಹೊರಗಿನ ಗಾಳಿ ಒಳಗೆ ಬರುವ ದಾರಿಯಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡನ್ನು ತುಂಬಿದ ಕೊಳವೆಯನ್ನು ಇಡುವರು, ಇಲ್ಲವೆ ಸಾರಜನಕವನ್ನು ಹಾಯಿಸುವರು. ಲೋಹದ ಮೇಲಿನ ಆಕ್ಸೈಡು ಪೊರೆಯನ್ನು ಕಳೆಯಲು ಅಯೋಡೀನಿನ ಒಂದು ಸಣ್ಣ ಹರಳನ್ನು ಹಾಕುವರು. ವಿನೋದವೇನೆಂದರೆ, ಆರಂಭದಲ್ಲಿ ಎಲ್ಲವನ್ನೂ ಕೆಡಿಸುವ ಇದೇ ನೀರು, ಆಮ್ಲದೊಡನೆ ಕೂಡಿ ಕೊನೆಯಲ್ಲಿ ಆಲ್ಕೊಹಾಲನ್ನು ಬಿಡಿಸಿಕೊಡುವುದು. ಯಾವುದೂ ತನ್ನ ಹೊತ್ತಿಗೆ ಬಂದರೆ ಮಿತ್ರ.

6. ಈಥರಿನ ಹಿಡಿತ

ನೀರಿಲ್ಲದಿರುವುದಷ್ಟೇ ಸಾಕಾದರೆ ಪೆಟ್ರೋಲಿನಂಥ ಯಾವ ಒಣ ದ್ರವವನ್ನಾದರೂ ಬಳಸಬಹುದಾಗಿದ್ದಿತು. ಹಾಗಾಗುವುದಿಲ್ಲ. ದ್ರಾವಕವು ಬರಿಯ ಪಾತ್ರೆಯಂತಲ್ಲ. ಅದಕ್ಕೂ ಒಂದು ಕೆಲಸವುಂಟು.

ಈಥರಿನ ಅಣುವಿನ ನಡುವೆ ಒಂದು ಆಮ್ಲಜನಕವಿದೆ. ಬಂಧಕ್ಕೆ ಬಳಕೆಯಾಗದ ಇಲೆಕ್ಟ್ರಾನು ಜೋಡಿಗಳು ಅದರ ಮೇಲಿವೆ. ಇತ್ತ ಮೆಗ್ನೀಸಿಯಂ, ಇಂಗಾಲ ಒಂದು ಕಡೆ ಹ್ಯಾಲೋಜನ್ ಒಂದು ಕಡೆ ಇದ್ದರೂ ತೃಪ್ತವಾಗಿರುವುದಿಲ್ಲ. ಇನ್ನೂ ಇಲೆಕ್ಟ್ರಾನುಗಳು ಬೇಕೆನ್ನುವುದು. ಎರಡು ಈಥರ್ ಅಣುಗಳು ಬಂದು ತಮ್ಮ ಆಮ್ಲಜನಕದಿಂದ ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುವುವು. ಇದು ಬರಿಯ ಊಹೆಯಲ್ಲ. 1964ರಲ್ಲಿ ಗ್ರಿನ್ಯಾರ್ ಕಾರಕಗಳ ಹರಳುಗಳನ್ನು ಎಕ್ಸ್ ಕಿರಣಗಳಿಂದ ಪರೀಕ್ಷಿಸಿದಾಗ, ಒಂದೊಂದು ಮೆಗ್ನೀಸಿಯಮ್ಮಿನ ಸುತ್ತ ಒಂದು ಇಂಗಾಲ, ಒಂದು ಬ್ರೋಮೀನ್, ಎರಡು ಈಥರ್, ಹೀಗೆ ನಾಲ್ವರು ನಿಂತಿರುವುದು ಕಂಡುಬಂದಿತು. ಈ ಹಿಡಿತವಿರುವುದರಿಂದಲೇ ಕಾರಕವು ಲೋಹದ ಮೈಯನ್ನು ಬಿಟ್ಟು ದ್ರಾವಣಕ್ಕೆ ಇಳಿಯುವುದು, ಕೆಡದೆ ಉಳಿಯುವುದು.

ಆದರೆ ಕೀಟೋನ್ ಬಂದಾಗ ಅದರ ಆಮ್ಲಜನಕಕ್ಕೂ ಮೆಗ್ನೀಸಿಯಮ್ಮಿನ ಬಳಿ ಜಾಗ ಬೇಕು. ಆಗ ಒಂದು ಈಥರ್ ಅಣು ಪಕ್ಕಕ್ಕೆ ಸರಿದು ಎಡೆಮಾಡಿಕೊಡುವುದು. ಒಳ್ಳೆಯ ದ್ರಾವಕದ ಲಕ್ಷಣ ಇದೇ. ಹಿಡಿಯಬೇಕಾದಾಗ ಹಿಡಿಯಬೇಕು, ಬಿಡಬೇಕಾದಾಗ ಬಿಡಬೇಕು. ಮುಂದೆ ಬೇರೆ ಬೇರೆ ದ್ರಾವಕಗಳನ್ನು ಹೋಲಿಸುವಾಗ ಈ ಒಂದು ಮಾತನ್ನು ಅಳತೆಗೋಲಾಗಿ ಇಟ್ಟುಕೊಳ್ಳಿರಿ.

ಈಥರಿನ ಕುದಿಬಿಂದು 34.6 ಡಿಗ್ರಿ ಸೆಲ್ಸಿಯಸ್. ನಮ್ಮ ಮೈಯ ತಾಪ 37 ಡಿಗ್ರಿ. ಮೇ ತಿಂಗಳಿನ ಚೆನ್ನೈ ಮಧ್ಯಾಹ್ನದಲ್ಲಿ ಯಾರೂ ಉರಿ ಹಚ್ಚದೆಯೇ ಈಥರ್ ಕುದಿಯಬಲ್ಲದು. ನಲ್ಲಿಯ ನೀರೂ ಆಗ ಬೆಚ್ಚಗಿರುವುದರಿಂದ ಆವಿಯನ್ನು ತಣಿಸಿ ಮರಳಿ ದ್ರವ ಮಾಡಲು ಮಂಜುಗಡ್ಡೆಯ ನೀರು ಬೇಕಾಗುವುದು. ಮಂಜುಗಡ್ಡೆ ಎಂದಾಗ ನಮ್ಮ ತ್ರಿಪ್ಲಿಕೇನಿನ ಐಸ್ ಹೌಸ್ ನೆನಪಿಗೆ ಬಾರದಿರದು. 1842ರಲ್ಲಿ ಕಟ್ಟಿದ ಆ ಕಟ್ಟಡದಲ್ಲಿ ಅಮೆರಿಕದ ಕೆರೆಗಳಿಂದ ಕೊಯ್ದು ಹಡಗಿನಲ್ಲಿ ತಂದ ಮಂಜುಗಡ್ಡೆಯನ್ನು ಟ್ಯೂಡರ್ ಎಂಬ ವರ್ತಕನ ಸಂಸ್ಥೆ ಕೂಡಿಡುತ್ತಿದ್ದಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದರಿಂದ ಅದು ಈಗ ವಿವೇಕಾನಂದರ್ ಇಲ್ಲಂ ಎನಿಸಿದೆ. ಇಂಥ ಸೆಕೆಯ ಊರಿನಲ್ಲಿ ತಂಪು ಎಂಬುದು ದುಡ್ಡು ಕೊಟ್ಟು ತರಿಸಬೇಕಾದ ಪದಾರ್ಥವಾಗಿದ್ದಿತು.

ಈಥರಿನ ಆವಿ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಜಿನ ಮೇಲೆ, ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಆದುದರಿಂದ ಈ ಪ್ರಯೋಗವನ್ನು ನೀವಾಗಿಯೇ ಎಂದಿಗೂ ಮಾಡಕೂಡದು. ಬಲ್ಲವರು ಮಾಡುವಾಗ ನೋಡಿ ಕಲಿಯತಕ್ಕದ್ದು.

7. ಒಂದೇ ಸೀಸೆಯಲ್ಲಿ ಹಲವು ರೂಪಗಳು

ಸೀಸೆಯಲ್ಲಿರುವುದು ಒಂದೇ ಬಗೆಯ ಅಣುವೆಂದು ಮೊದಲು ತಿಳಿದಿದ್ದರು. 1929ರಲ್ಲಿ ವಿಲ್‌ಹೆಲ್ಮ್ ಶ್ಲೆಂಕ್ ತನ್ನ ಮಗನೊಡನೆ ಸೇರಿ ಇದು ಹಾಗಲ್ಲವೆಂದು ತೋರಿಸಿದನು. ಗ್ರಿನ್ಯಾರ್ ಕಾರಕದ ಎರಡು ಅಣುಗಳು ತಮ್ಮೊಳಗೆ ವಿನಿಮಯ ಮಾಡಿಕೊಂಡು, ಎರಡು ಇಂಗಾಲಗಳು ಒಂದು ಮೆಗ್ನೀಸಿಯಮ್ಮಿಗೂ, ಎರಡು ಹ್ಯಾಲೋಜನ್‌ಗಳು ಇನ್ನೊಂದು ಮೆಗ್ನೀಸಿಯಮ್ಮಿಗೂ ಸೇರಬಹುದು. ಮತ್ತೆ ಮೊದಲಿನಂತೆಯೂ ಆಗಬಹುದು. ಹೀಗೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ಸಮಸ್ಥಿತಿಯಲ್ಲಿರುವ ಈ ಬದಲಾವಣೆಗೆ ಶ್ಲೆಂಕ್ ಸಮಸ್ಥಿತಿ ಎಂದು ಹೆಸರು.

ಈ ತಕ್ಕಡಿ ಯಾವ ಕಡೆಗೆ ವಾಲುವುದೆಂಬುದನ್ನು ನಿರ್ಧರಿಸುವುದರಲ್ಲಿ ದ್ರಾವಕದ ಪಾತ್ರ ದೊಡ್ಡದು. ಈಥರಿನಲ್ಲಿ ಅದು ಬಹುಪಾಲು ಗ್ರಿನ್ಯಾರ್ ರೂಪದ ಕಡೆಗೇ ಇರುವುದು. ಹಿಡಿತ ಹೆಚ್ಚಾದ ಬೇರೆ ದ್ರಾವಕಗಳಲ್ಲಿ ಎರಡನೆಯ ರೂಪದ ಪಾಲು ಹೆಚ್ಚುವುದು. ಡೈಆಕ್ಸೇನ್ ಎಂಬ ದ್ರವವನ್ನು ಸೇರಿಸಿದರೆ, ಎರಡು ಆಮ್ಲಜನಕಗಳುಳ್ಳ ಅದರ ಅಣುವು ಮೆಗ್ನೀಸಿಯಂ ಹ್ಯಾಲೈಡನ್ನು ಹಿಡಿದು ಬಿಳಿಯ ಗಸಿಯಾಗಿ ತಳಕ್ಕೆ ಇಳಿಸಿಬಿಡುವುದು. ದ್ರಾವಣದಲ್ಲಿ ಎರಡು ಇಂಗಾಲಗಳನ್ನು ಹೊತ್ತ ಮೆಗ್ನೀಸಿಯಂ ಉಳಿಯುವುದು.

8. ಟೆಟ್ರಾಹೈಡ್ರೋಫ್ಯೂರಾನ್ ಮತ್ತು ಮಲ್ಲಿಗೆಯ ಕಂಪು

ಈಥರಿನ ಅಣುವಿನಲ್ಲಿ ಆಮ್ಲಜನಕದ ಎರಡು ಪಕ್ಕದ ಇಂಗಾಲದ ಕೈಗಳು ಬಿಡಿಯಾಗಿ ಆಡುತ್ತಿರುವುವು. ಆ ಕೈಗಳನ್ನು ಹಿಂದಕ್ಕೆ ತಂದು ಒಂದಕ್ಕೊಂದು ಕಟ್ಟಿ ಉಂಗುರ ಮಾಡಿದರೆ ಟೆಟ್ರಾಹೈಡ್ರೋಫ್ಯೂರಾನ್ ಆಗುವುದು. ಕೈಗಳು ಅಡ್ಡ ಬಾರದುದರಿಂದ ಅದರ ಆಮ್ಲಜನಕವು ಮೆಗ್ನೀಸಿಯಮ್ಮನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲದು. ಅದರ ಕುದಿಬಿಂದು 66 ಡಿಗ್ರಿ; ನಮ್ಮ ಸೆಕೆಗೆ ಈಥರಿಗಿಂತ ಅನುಕೂಲ.

ಈ ಬಿಗಿ ಹಿಡಿತದ ಲಾಭವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ವಿನೈಲ್ ಬ್ರೋಮೈಡ್ ಎಂಬ ಸಂಯುಕ್ತವು ಈಥರಿನಲ್ಲಿ ಮೆಗ್ನೀಸಿಯಮ್ಮಿನೊಡನೆ ಸರಿಯಾಗಿ ಕೂಡುತ್ತಿರಲಿಲ್ಲ. 1953ರಲ್ಲಿ ಫ್ರಾನ್ಸಿನ ಆನ್ರೀ ನಾರ್ಮಾನ್ ಅದೇ ವಸ್ತುಗಳನ್ನು ಟೆಟ್ರಾಹೈಡ್ರೋಫ್ಯೂರಾನಿನಲ್ಲಿ ಕೂಡಿಸಿ ವಿನೈಲ್ ಕಾರಕವನ್ನು ಸುಗಮವಾಗಿ ಪಡೆದನು. ಬದಲಾದುದು ದ್ರಾವಕ ಒಂದೇ.

ಈಗ ಹಳೆಯ ಪರಿಚಯದ ಮೀಥೈಲ್ ಹೆಪ್ಟೀನೋನ್ ಮತ್ತೆ ಬರಲಿ. ಬಾರ್ಬಿಯೇ ಅದಕ್ಕೆ ಮೀಥೈಲ್ ಗುಂಪನ್ನು ಸೇರಿಸಿದ್ದನಷ್ಟೆ. ನಾರ್ಮಾನನ ಕಾರಕದಿಂದ ಅದೇ ಕೀಟೋನಿಗೆ ವಿನೈಲ್ ಗುಂಪನ್ನು ಸೇರಿಸಿದರೆ:

ಮೀಥೈಲ್ ಹೆಪ್ಟೀನೋನ್ + ವಿನೈಲ್ ಮೆಗ್ನೀಸಿಯಂ ಬ್ರೋಮೈಡ್ → (ಆಮ್ಲವನ್ನು ಸೇರಿಸಿದ ಮೇಲೆ) ಲಿನಲೂಲ್

ಲಿನಲೂಲ್ ಎಂದರೆ ಏನು? ಪಾರ್ಥಸಾರಥಿ ಗುಡಿಯ ಮಾಡವೀದಿಯಲ್ಲಿ ಹೂವಾಡಗಿತ್ತಿಯ ಬುಟ್ಟಿಯ ಬಳಿ ನಿಂತು ಉಸಿರೆಳೆದುಕೊಳ್ಳಿರಿ. ಮಲ್ಲಿಗೆಯ ಕಂಪಿನಲ್ಲಿ ಬೆರೆತಿರುವ ಮುಖ್ಯವಾದ ವಸ್ತುಗಳಲ್ಲಿ ಅದೊಂದು. ಕೈಗಾರಿಕೆಯಲ್ಲಿ ಅದನ್ನು ಮಾಡುವ ಬೇರೆ ಮಾರ್ಗಗಳೂ ಇವೆ. ಆದರೆ ಮಜ್ಜಿಗೆ ಹುಲ್ಲಿನ ಒಂದು ವಸ್ತುವಿನಿಂದ ಮಲ್ಲಿಗೆಯ ಒಂದು ವಸ್ತುವಿಗೆ ಒಂದೇ ಹೆಜ್ಜೆಯಲ್ಲಿ ಹೋಗುವ ಈ ದಾರಿಯ ಸೊಗಸೇ ಬೇರೆ. ಲಿನಲೂಲ್ ಟರ್ಪೀನ್ ಎಂಬ ವರ್ಗಕ್ಕೆ ಸೇರಿದುದು. ಆ ವರ್ಗದ ದೊಡ್ಡ ವಿದ್ವಾಂಸನಾದ ಸೈಮನ್‌ಸನ್ 1910ರಲ್ಲಿ ಇಲ್ಲಿಯ ಕಡಲತೀರದ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕನಾಗಿ ಬಂದು, ಮುಂದೆ 1925ರಿಂದ 1928ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಇದ್ದವನು. ಕಂಪಿನ ಈ ಶಾಸ್ತ್ರಕ್ಕೆ ನಮ್ಮ ಎರಡು ಊರುಗಳ ನಂಟೂ ಉಂಟು.

ಹಾಗಾದರೆ ಬಿಗಿ ಹಿಡಿತವೇ ಯಾವಾಗಲೂ ಮೇಲೋ? ಅಲ್ಲ. ಕಾರಕವು ಹುಟ್ಟುವಾಗ ಬಿಗಿ ಹಿಡಿತ ಒಳ್ಳೆಯದು. ಆದರೆ ಕೀಟೋನ್ ಬಂದು ಜಾಗ ಕೇಳುವಾಗ ಬಿಗಿಯಾಗಿ ಹಿಡಿದವನು ಬೇಗ ಬಿಡುವುದಿಲ್ಲ. ಅನೇಕ ಕೀಟೋನುಗಳೊಡನೆ ಕೂಡುವ ಕ್ರಿಯೆ ಈಥರಿನಲ್ಲಿ ಬೇಗನೆ ನಡೆದರೆ ಟೆಟ್ರಾಹೈಡ್ರೋಫ್ಯೂರಾನಿನಲ್ಲಿ ನಿಧಾನವಾಗುವುದು ಇದರಿಂದಲೇ. ಕೀಟೋನ್ ತೀರ ದಪ್ಪನಾದುದಾದರೆ ಕಾರಕವು ಕಾರ್ಬೊನಿಲ್ ಇಂಗಾಲವನ್ನು ಮುಟ್ಟಲಾರದೆ ಪಕ್ಕದ ಜಲಜನಕವನ್ನು ಕಿತ್ತುಕೊಳ್ಳುವುದೂ ಉಂಟು. ಅಂಥ ಅಡ್ಡದಾರಿ ಎಷ್ಟು, ಹೆದ್ದಾರಿ ಎಷ್ಟು ಎಂಬ ಪ್ರಮಾಣವೂ ದ್ರಾವಕದೊಡನೆ ಬದಲಾಗುವುದು.

2020ರಲ್ಲಿ ಓಸ್ಲೋ ವಿಶ್ವವಿದ್ಯಾಲಯದ ಕಾಷೆಲ್ಲಾ ಮತ್ತು ಅವರ ಸಂಗಡಿಗರು ಗಣಕಯಂತ್ರದ ಸಹಾಯದಿಂದ, ಟೆಟ್ರಾಹೈಡ್ರೋಫ್ಯೂರಾನಿನಲ್ಲಿ ಈ ಕ್ರಿಯೆ ಅಣು ಅಣುವಾಗಿ ಹೇಗೆ ನಡೆಯುವುದೆಂದು ಅಭ್ಯಸಿಸಿದರು. ಕೆಲಸ ಮಾಡುವುದು ಯಾವುದೋ ಒಂದೇ ರೂಪವಲ್ಲ, ಹಲವು ರೂಪಗಳು ಒಟ್ಟಿಗೆ ದುಡಿಯುವುವು, ದ್ರಾವಕದ ಅಣುಗಳು ಬರುತ್ತ ಹೋಗುತ್ತ ಕ್ರಿಯೆಯಲ್ಲಿ ಭಾಗಿಗಳಾಗುವುವು ಎಂದು ಅವರಿಗೆ ಕಂಡುಬಂದಿತು. ನೂರಿಪ್ಪತ್ತು ವರ್ಷಗಳಾದ ಮೇಲೆಯೂ ಒಂದು ಸೀಸೆಯೊಳಗೆ ತಿಳಿಯುವುದು ಇನ್ನೂ ಉಳಿದಿದ್ದಿತು!

9. ಬೇರೆ ದ್ರಾವಕಗಳು

ಟೊಲ್ವೀನಿನಲ್ಲಿ ಆಮ್ಲಜನಕವಿಲ್ಲ, ಆದುದರಿಂದ ಅದು ಮೆಗ್ನೀಸಿಯಮ್ಮನ್ನು ಈಥರಿನಂತೆ ಹಿಡಿಯಲಾರದು. ಆದರೂ ಸ್ವಲ್ಪ ಈಥರನ್ನೋ ಟೆಟ್ರಾಹೈಡ್ರೋಫ್ಯೂರಾನನ್ನೋ ಜೊತೆಗೆ ಸೇರಿಸಿದರೆ ಅದರಲ್ಲಿಯೂ ಕೆಲಸ ನಡೆಯುವುದು. ಹಿಡಿಯುವವರು ಕೆಲವರೇ ಆದರೂ ಸಾಕು, ಇರಲೇಬೇಕು.

2-ಮೀಥೈಲ್ ಟೆಟ್ರಾಹೈಡ್ರೋಫ್ಯೂರಾನ್ ಈಚೆಗೆ ಹೆಸರುವಾಸಿಯಾಗಿರುವ ದ್ರಾವಕ. ಅದರ ಕುದಿಬಿಂದು ಸುಮಾರು 80 ಡಿಗ್ರಿ. ಅದನ್ನು ಕಬ್ಬಿನ ಸಿಪ್ಪೆ, ಜೋಳದ ದಿಂಡುಗಳಿಂದ ದೊರೆಯುವ ಫರ್‌ಫ್ಯೂರಲಿನಿಂದ ತಯಾರಿಸಬಹುದು. ಟೆಟ್ರಾಹೈಡ್ರೋಫ್ಯೂರಾನ್ ನೀರಿನಲ್ಲಿ ಪೂರ್ತಿ ಬೆರೆಯುವುದು. ಇದಾದರೋ ಹೆಚ್ಚು ಬೆರೆಯದು. ಆದುದರಿಂದ ಕೊನೆಯಲ್ಲಿ ಆಮ್ಲದ ನೀರು ಸೇರಿಸಿದಾಗ ಎರಡು ಪದರಗಳಾಗಿ ನಿಂತು, ಉತ್ಪನ್ನವನ್ನು ಬೇರ್ಪಡಿಸುವುದು ಸುಲಭವಾಗುವುದು.

ಇನ್ನು ಬಳಸಲೇಬಾರದವು: ನೀರು ಮತ್ತು ಆಲ್ಕೊಹಾಲು ತಮ್ಮ ಜಲಜನಕವನ್ನು ಕೊಟ್ಟು ಕಾರಕವನ್ನು ಕೊಲ್ಲುವುವು. ಅಸಿಟೋನ್ ಮತ್ತು ಈಥೈಲ್ ಅಸಿಟೇಟ್ ತಾವೇ ಕಾರ್ಬೊನಿಲ್ ಸಂಯುಕ್ತಗಳು. ನೆಂಟನಿಗೆ ಬಡಿಸಿದ ಎಲೆಗೆ ಅಡಿಗೆಯವನೇ ಕುಳಿತಂತಾಗುವುದು.

10. ಕೊನೆಯ ಮಾತು

ದ್ರಾವಕವನ್ನು ಕ್ರಿಯೆಯ ಮಾಧ್ಯಮ ಎಂದೂ ಕರೆಯುವುದುಂಟು. ನಾವು ಕಲಿಯುವ ಭಾಷೆಗೂ ಮಾಧ್ಯಮವೆಂದೇ ಹೆಸರು. ಒಂದೇ ವಸ್ತು ಒಂದು ಮಾಧ್ಯಮದಲ್ಲಿ ಸುಮ್ಮನೆ ಬಿದ್ದಿರುವುದು, ಇನ್ನೊಂದರಲ್ಲಿ ಚೈತನ್ಯದಿಂದ ದುಡಿಯುವುದು. ಅದು ವಸ್ತುವಿನ ದೋಷವಲ್ಲ. ನಿಮ್ಮಲ್ಲಿ ಅನೇಕರು ಇನ್ನೆರಡು ಮೂರು ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ಕಾಲೇಜುಗಳಿಗೆ ಹೋಗುವಿರಿ. ಮೊದಲ ತಿಂಗಳು ಏನೂ ತಿಳಿಯದೆ, ತಳದಲ್ಲಿ ಬಿದ್ದ ಮೆಗ್ನೀಸಿಯಮ್ಮಿನಂತೆ ತಾವು ನಿಷ್ಪ್ರಯೋಜಕರೆಂದು ಕೊರಗುವ ಮಕ್ಕಳನ್ನು ನಾನು ಕಂಡಿದ್ದೇನೆ, ನಾನೇ ಹಾಗಿದ್ದವನು. ಅಂಥ ಹೊತ್ತಿನಲ್ಲಿ ನಿರ್ಜಲವನ್ನು ನೆನೆಯಿರಿ. ನಿಮಗೆ ವಿಷಯ ತಿಳಿದಿದೆ. ಹೊಸ ಹೆಸರು ಮಾತ್ರ ಬೇಕು. ದ್ರಾವಕಕ್ಕೆ ಸಾಲ್ವೆಂಟ್, ಕಾರಕಕ್ಕೆ ರೀಏಜೆಂಟ್, ಸಮಸ್ಥಿತಿಗೆ ಈಕ್ವಿಲಿಬ್ರಿಯಂ, ನಿರ್ಜಲಕ್ಕೆ ಅನ್‌ಹೈಡ್ರಸ್, ಹೀಗೆ ಜೋಡಿ ಜೋಡಿಯಾಗಿ ಈಗಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿರಿ. ತಿಳಿಯದ ಮಾತು ಕಂಡರೆ ನಾಚದೆ ಕೇಳಿರಿ. ನಾನು ಅಂದು ಕೇಳಿದ್ದರೆ ಒಂದು ನಿಮಿಷ ಹೋಗುತ್ತಿದ್ದಿತು. ಕೇಳದೆ ಒಂದು ದಿನ ಹೋಯಿತು.

ತಾಯ್ನುಡಿ ನಿಮ್ಮ ತಿಳಿವನ್ನು ಕೆಡದಂತೆ ಹಿಡಿದು ಬೆಳೆಸಿದೆ. ಹೊಸದು ಬಂದಾಗ ಅದು ಸ್ವಲ್ಪ ಸರಿದು ಎಡೆಮಾಡಿಕೊಡುವುದು, ಬಿಟ್ಟುಹೋಗುವುದಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಅಸಿಟೋನಿಗೆ ಮೀಥೈಲ್ ಮೆಗ್ನೀಸಿಯಂ ಅಯೋಡೈಡನ್ನು ಸೇರಿಸಿ ಆಮೇಲೆ ಆಮ್ಲ ಹಾಕಿದರೆ ಯಾವ ದರ್ಜೆಯ ಆಲ್ಕೊಹಾಲು ಬರುವುದು?
2. 0.5 ಗ್ರಾಂ ನೀರು ಎಷ್ಟು ಗ್ರಾಂ ಮೆಗ್ನೀಸಿಯಮ್ಮಿನಿಂದಾದ ಕಾರಕವನ್ನು ಕೆಡಿಸುವುದು?
3. ಟೆಟ್ರಾಹೈಡ್ರೋಫ್ಯೂರಾನ್ ಮೆಗ್ನೀಸಿಯಮ್ಮನ್ನು ಈಥರಿಗಿಂತ ಬಿಗಿಯಾಗಿ ಹಿಡಿಯುವುದೇಕೆ? ಅದರಿಂದ ಆಗುವ ಒಂದು ಲಾಭವನ್ನೂ ಒಂದು ನಷ್ಟವನ್ನೂ ಹೇಳಿರಿ.
4. ಗ್ರಿನ್ಯಾರ್ ಕಾರಕಕ್ಕೆ ಅಸಿಟೋನನ್ನು ದ್ರಾವಕವಾಗಿ ಏಕೆ ಬಳಸಬಾರದು?